ಪ್ರೌಢಶಾಲೆಯ ವೇಳಾಪಟ್ಟಿಯೊಳಗೆ ಯುವ ತಂಡದ ಕೆಲಸ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಶಾಲೆಯ ಹೊರಗೆ ಮಕ್ಕಳ ಜೊತೆ ಕೆಲಸ ಮಾಡುತ್ತಿರುವ ಯುವ ತಂಡವೊಂದನ್ನು ಶಾಲೆಯೊಳಕ್ಕೆ ಕರೆತರುವ ಬಗ್ಗೆ ಅನುಭವಸ್ಥರ ಸಲಹೆ ಬೇಕಾಗಿದೆ. ನಮ್ಮ ತಾಲ್ಲೂಕಿನ ಈ ತಂಡದವರು ಬೇಸಿಗೆ ರಜೆಯಲ್ಲಿ ರಂಗಶಿಬಿರ ನಡೆಸುತ್ತಾರೆ. ದಸರಾ ರಜೆಯಲ್ಲಿ ಮಕ್ಕಳನ್ನು ಕೆರೆ, ಹಳ್ಳ, ಗೋಮಾಳಗಳಲ್ಲಿ ಸುತ್ತಾಡಿಸಿ ಊರಿನ ನಕ್ಷೆ ಬರೆಸುತ್ತಾರೆ. ಹಿರಿಯರನ್ನು ಮಾತನಾಡಿಸಿ ಊರಿನ ಚರಿತ್ರೆಯನ್ನು ಮಕ್ಕಳಿಂದಲೇ ದಾಖಲಿಸುತ್ತಾರೆ. ನಮ್ಮ ಎಂಟು ಮತ್ತು ಒಂಬತ್ತನೆಯ ತರಗತಿಗಳ ಹಲವು ಮಕ್ಕಳು ಅಲ್ಲಿಗೆ ಹೋಗಿ ಬಂದಿದ್ದಾರೆ. ನನ್ನ ತರಗತಿಯ ನಕ್ಷೆಯ ಪಾಠದಲ್ಲಿ ದಿಕ್ಕು ಗುರುತಿಸಲು ತಡವರಿಸುವ ಮಕ್ಕಳು ತಮ್ಮ ಕೇರಿಯ ನಕ್ಷೆಯಲ್ಲಿ ಯಾವ ಕೊಳವೆಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ ಎಂಬುದನ್ನೂ ಗುರುತು ಹಾಕಿದ್ದನ್ನು ಕಂಡ ಮೇಲೆ, ಈ ಬಗೆಯ ಕಲಿಕೆ ರಜಾದಿನಗಳಿಗೆ ಮಾತ್ರ ಮೀಸಲಾಗಬೇಕೇಕೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ. ತಂಡದವರೂ ವರ್ಷವಿಡೀ ಬರಲು ಒಪ್ಪಿದ್ದಾರೆ.

ತೊಡಕುಗಳು ಹಲವಿವೆ. ಸಂಜೆ ಶಾಲೆ ಬಿಟ್ಟ ಮೇಲೆ ನಡೆಸೋಣವೆಂದರೆ, ಅಕ್ಕಪಕ್ಕದ ಹಳ್ಳಿಗಳಿಂದ ಬರುವ ಮಕ್ಕಳಿಗೆ ಇರುವುದು ಒಂದೇ ಬಸ್ಸು. ಗಂಟೆ ಬಾರಿಸಿದ ಕೂಡಲೇ ಅವರು ನಿಲ್ದಾಣಕ್ಕೆ ಓಡುತ್ತಾರೆ. ಆದ್ದರಿಂದ ಶಾಲಾ ಅವಧಿಯಲ್ಲೇ ಜಾಗ ಹುಡುಕಬೇಕು. ನಮ್ಮ ಮುಖ್ಯ ಶಿಕ್ಷಕರು ವಿರೋಧಿಸುವವರಲ್ಲ, ಆದರೆ ಇದರಿಂದ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಏನು ಲಾಭ, ನಾಳೆ ತಪಾಸಣೆಗೆ ಬಂದವರಿಗೆ ಯಾವ ದಾಖಲೆ ತೋರಿಸಬೇಕು ಎಂದು ಕೇಳುತ್ತಾರೆ. ನನ್ನ ಅಳುಕು ಬೇರೆ ಬಗೆಯದು. ಶಾಲೆಯೊಳಕ್ಕೆ ಬಂದ ಮರುವರ್ಷವೇ ಇದಕ್ಕೂ ಒಂದು ವಹಿ, ಒಂದು ಸ್ಪರ್ಧೆ, ಒಂದು ಪ್ರಮಾಣಪತ್ರ ಅಂಟಿಕೊಂಡು, ಮಕ್ಕಳು ಮನಸಾರೆ ಮಾಡುತ್ತಿದ್ದ ಕೆಲಸವು ಹಾಜರಿಗಾಗಿ ಮಾಡುವ ಕೆಲಸವಾಗಿಬಿಡುವುದೇ? ವೇಳೆ ಎಲ್ಲಿಂದ ತೆಗೆಯಬೇಕು, ತರಗತಿಯಲ್ಲಿ ಶಿಕ್ಷಕರ ಪಾತ್ರವೇನು, ಅಂಕ ಕೊಡದೆ ದಾಖಲಿಸುವುದು ಹೇಗೆ, ಈ ಮೂರು ವಿಷಯಗಳ ಬಗ್ಗೆ ಮುಖ್ಯವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಮೈಸೂರು ಜಿಲ್ಲೆ

ಮೇಡಂ, ನಿಮ್ಮ ಕೊನೆಯ ಅಳುಕಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಕಲ್ಪನೆಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಹುಟ್ಟಿದಾಗ, ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕುಳಿತು ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ಸರಿಬಾರದ್ದನ್ನು ತಾವೇ ತಿದ್ದಿದರು. ಅದು ರಾಜ್ಯದಾದ್ಯಂತ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಬಂದದ್ದು 2009ರ ಹೊತ್ತಿಗೆ. ಕಾರ್ಡು, ಕಲಿಕೆಯ ಹಂತಗಳನ್ನು ತೋರಿಸುವ ಏಣಿ, ಮೈಲಿಗಲ್ಲು, ಮಕ್ಕಳ ಕೆಲಸ ತೂಗುಹಾಕುವ ಚಪ್ಪರ ಎಲ್ಲವೂ ಶಾಲೆಗಳಿಗೆ ತಲುಪಿದವು. ಆದರೆ ಕಾರ್ಡನ್ನು ತಾನೇ ಬದಲಿಸಬಹುದೆಂಬ ಧೈರ್ಯ ಎಲ್ಲ ಶಿಕ್ಷಕರಿಗೂ ತಲುಪಲಿಲ್ಲ. ಚೆನ್ನಾಗಿ ನಡೆಯುವ ನಲಿಕಲಿ ತರಗತಿಗಳನ್ನು ಇಂದಿಗೂ ನೋಡಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕ್ಲಸ್ಟರ್‌ನ ಶಾಲೆಗಳಿಗೆ ಹೋದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಚಪ್ಪರವನ್ನು. ಅಲ್ಲಿ ತೂಗುತ್ತಿರುವ ಚಿತ್ರಗಳಿಗೆ ಧೂಳು ಹಿಡಿದಿದ್ದರೆ, ಪ್ರಗತಿನೋಟದಲ್ಲಿ ಏನು ಬರೆದಿದ್ದರೂ ಆ ತರಗತಿಯಲ್ಲಿ ಏನು ನಡೆಯುತ್ತಿದೆ ಎಂಬುದು ತಿಳಿದುಹೋಗುತ್ತಿತ್ತು.

ಆದ್ದರಿಂದ ಹೊಸ ಯೋಜನೆಯೊಂದನ್ನು ಹೆಸರಿಟ್ಟು ಉದ್ಘಾಟಿಸುವ ಗೋಜಿಗೆ ಹೋಗಬೇಡಿ. ಹೆಸರಿಟ್ಟೊಡನೆ ಅದಕ್ಕೆ ವರದಿ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಈಗಾಗಲೇ ಆದೇಶದಲ್ಲಿ ಇರುವ ಅವಕಾಶಗಳನ್ನೇ ಬಳಸಿಕೊಳ್ಳಿ. ತಿಂಗಳ ಮೂರನೆಯ ಶನಿವಾರದ ಬ್ಯಾಗ್ ರಹಿತ ದಿನ, ಅಂದರೆ ‘ಸಂಭ್ರಮ ಶನಿವಾರ’ ಇದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ಭಾಗ ‘ಬಿ’ ಇದೆ. ಅದರಲ್ಲಿ ಮಕ್ಕಳ ಆಸಕ್ತಿ, ಸಹಕಾರ, ಕಲೆ, ಕಾರ್ಯಾನುಭವಗಳನ್ನು ಬರೆಯಬೇಕಾಗಿದ್ದು, ಸಾಮಾನ್ಯವಾಗಿ ವರ್ಷದ ಕೊನೆಯಲ್ಲಿ ಎಲ್ಲರಿಗೂ ಒಂದೇ ಬಗೆಯ ಶ್ರೇಣಿ ತುಂಬಿ ಮುಗಿಸುತ್ತೇವೆ. ತಂಡದವರ ಕೆಲಸ ಆ ಭಾಗಕ್ಕೆ ನಿಜವಾದ ಆಧಾರ ಒದಗಿಸುತ್ತದೆ ಎಂದು ಹೇಳಿದರೆ ನಿಮ್ಮ ಮುಖ್ಯ ಶಿಕ್ಷಕರ ದಾಖಲೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯೂ ಇದೆ, ಆದರೆ ಅದರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಇನ್ನೊಂದು ಮಾತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡವಳಿಯಲ್ಲಿ ಒಂದು ನಿರ್ಣಯ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅದರ ಪ್ರತಿ ಕಳುಹಿಸಿ ಸ್ವೀಕೃತಿ ಪಡೆದುಕೊಳ್ಳಿ. ಇದಿಲ್ಲದೆ ಹೊರಗಿನವರನ್ನು ಶಾಲೆಯೊಳಕ್ಕೆ ಬಿಟ್ಟರೆ ಮುಖ್ಯ ಶಿಕ್ಷಕರು ಬದಲಾದ ದಿನವೇ ಕೆಲಸ ನಿಲ್ಲುತ್ತದೆ.

ಉತ್ತರ 2: ಗಣಿತ ಶಿಕ್ಷಕ, ತುಮಕೂರು ಜಿಲ್ಲೆ

ಇಲ್ಲಿ ಬಹುತೇಕ ಎಲ್ಲರೂ ಇದರ ಪರವಾಗಿಯೇ ಬರೆಯುತ್ತಾರೆಂದು ಗೊತ್ತಿರುವುದರಿಂದ, ಎದುರು ಮಾತನ್ನು ನಾನೇ ಆಡಿಬಿಡುತ್ತೇನೆ. ಮನೆಯಲ್ಲಿ ಹೇಳಿಕೊಡುವವರಿಲ್ಲದ, ಟ್ಯೂಷನ್‌ಗೆ ಹಣವಿಲ್ಲದ ಮಗುವಿಗೆ ನಮ್ಮ ನಲವತ್ತು ನಿಮಿಷದ ಅವಧಿಯೊಂದೇ ಆಸರೆ. ಪಟ್ಟಣದ ಖಾಸಗಿ ಶಾಲೆಯ ಮಗು ರಂಗಶಿಬಿರಕ್ಕೂ ಹೋಗುತ್ತದೆ, ಸಂಜೆ ಟ್ಯೂಷನ್‌ಗೂ ಹೋಗುತ್ತದೆ; ಅಲ್ಲಿ ಒಂದರ ವೇಳೆಯನ್ನು ಕಿತ್ತು ಇನ್ನೊಂದಕ್ಕೆ ಕೊಡುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಮಾತ್ರ ಇದೆ. ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಭಾಗಾಕಾರ, ಭಿನ್ನರಾಶಿ ಸರಿಯಾಗಿ ಬಾರದವರು ಎಷ್ಟಿದ್ದಾರೆಂಬುದು ವರ್ಷಾರಂಭದಲ್ಲಿ ಹಿಂದಿನ ಕಲಿಕೆಯನ್ನು ಸರಿಪಡಿಸುವ ಸೇತುಬಂಧದ ಪೂರ್ವಪರೀಕ್ಷೆ ನಡೆಸುವ ಯಾವ ಗಣಿತ ಶಿಕ್ಷಕರಿಗೂ ಹೊಸ ಸಂಗತಿಯಲ್ಲ. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿಸಿದ ಮೇಲೆ. ಇಂಥ ಹೊತ್ತಿನಲ್ಲಿ ವೇಳೆ ಕೊಡಿ ಎಂದು ಕೇಳುವವರು ಯಾರ ವೇಳೆಯನ್ನು ಕೇಳುತ್ತಿದ್ದೇವೆಂದು ಯೋಚಿಸಬೇಕು.

ಎರಡನೆಯದಾಗಿ, ಶಾಲೆಯಲ್ಲಿ ಈಗಾಗಲೇ ಏನಿಲ್ಲ? ಸ್ಕೌಟ್ಸ್ ಮತ್ತು ಗೈಡ್ಸ್, ಭಾರತ ಸೇವಾದಳ, ಇಕೋ ಕ್ಲಬ್, ಪ್ರತಿಭಾ ಕಾರಂಜಿ, ವಿಜ್ಞಾನ ನಾಟಕ, ಒಂದೊಂದು ಇಲಾಖೆಯ ಒಂದೊಂದು ದಿನಾಚರಣೆ. 1923ರಲ್ಲಿ ಡಾ. ನಾ.ಸು. ಹರ್ಡೀಕರರು ಸೇವಾದಳವನ್ನು ಕಟ್ಟಿದ್ದು ಯುವಜನರನ್ನು ಸ್ವಾತಂತ್ರ್ಯ ಚಳವಳಿಗೆ ಸಜ್ಜುಗೊಳಿಸಲು. ಇಂದು ಅನೇಕ ಶಾಲೆಗಳಲ್ಲಿ ಅದು ಸ್ವಾತಂತ್ರ್ಯ ದಿನದ ಪಥಸಂಚಲನ ಮತ್ತು ಬಿಳಿ ಟೋಪಿಗೆ ಸೀಮಿತವಾಗಿದೆ. ಪ್ರತಿಯೊಂದು ಕಾರ್ಯಕ್ರಮಕ್ಕೂ ನಾಲ್ಕು ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಮುಗಿಯಿತು. ಇದ್ದುದನ್ನು ಸರಿಯಾಗಿ ನಡೆಸದೆ ಇನ್ನೊಂದನ್ನು ತರುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ 3: ಯುವಜನರ ಜೊತೆ ಕೆಲಸ ಮಾಡುವ ಕಾರ್ಯಕರ್ತೆ, ಉಡುಪಿ ಜಿಲ್ಲೆ

ಗಣಿತದ ಮೇಷ್ಟ್ರ ಮೊದಲ ಆಕ್ಷೇಪಕ್ಕೆ ತೂಕವಿದೆ. ಅದನ್ನು ‘ಹಳೆಯ ಕಾಲದ ಮನೋಭಾವ’ ಎಂದು ತಳ್ಳಿಹಾಕುವವರ ಜೊತೆ ನಾನು ನಿಲ್ಲುವುದಿಲ್ಲ. ಕೋರ್ ವಿಷಯಗಳ ಅವಧಿಯನ್ನು ಮುಟ್ಟಬಾರದು, ಹತ್ತನೆಯ ತರಗತಿಯನ್ನಂತೂ ಮುಟ್ಟಲೇಬಾರದು. ಎಂಟನೆಯ ತರಗತಿಯಿಂದ ಆರಂಭಿಸಿ, ಕಾರ್ಯಾನುಭವದ ಅವಧಿಗಳನ್ನು ಒಟ್ಟುಗೂಡಿಸಿ, ಹದಿನೈದು ದಿನಕ್ಕೊಮ್ಮೆ ಎರಡು ಅವಧಿ ಒಟ್ಟಿಗೆ ಸಿಗುವಂತೆ ಮಾಡಿಕೊಳ್ಳಿ. ಬಿಡಿಬಿಡಿಯಾದ ನಲವತ್ತು ನಿಮಿಷಗಳಲ್ಲಿ ಮಕ್ಕಳು ಬೆಂಚು ಸರಿಸಿ ಸುತ್ತ ಕೂರುವಷ್ಟರಲ್ಲೇ ಗಂಟೆ ಬಾರಿಸುತ್ತದೆ. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಕೊನೆಯ ಎರಡು ಅವಧಿಗಳನ್ನು ಕೇಳಿ ಪಡೆಯುವುದು ಸುಲಭ.

ಆದರೆ ಎರಡನೆಯ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಅವರು ಪಟ್ಟಿ ಮಾಡಿದ ಕಾರ್ಯಕ್ರಮಗಳು ಸೊರಗಿರುವುದು ಹೆಚ್ಚಾದುದರಿಂದಲ್ಲ, ಅವುಗಳಲ್ಲಿ ಮಕ್ಕಳು ತೀರ್ಮಾನಿಸುವ ವಿಷಯ ಒಂದೂ ಇಲ್ಲದಿರುವುದರಿಂದ. ಯಾವ ದಿನ, ಯಾವ ವಿಷಯ, ಯಾರು ಭಾಷಣ, ಯಾರು ನೃತ್ಯ ಎಂಬುದೆಲ್ಲ ಮೇಲಿನಿಂದ ನಿಗದಿಯಾಗಿ ಬರುತ್ತದೆ. ಮಕ್ಕಳಿಗೆ ಉಳಿಯುವುದು ತಾಲೀಮು ಮಾತ್ರ. ಯುವಜನರ ಜೊತೆಗಿನ ಕೆಲಸ ಎಂದು ನಾವು ಕರೆಯುವುದರಲ್ಲಿ ಆಟ, ಹಾಡು, ನಾಟಕ ಎಲ್ಲ ಇದ್ದರೂ ಅದರ ಜೀವಾಳ ಇರುವುದು ಮಕ್ಕಳು ತಾವೇ ಒಂದು ವಿಷಯವನ್ನು ಆರಿಸಿಕೊಂಡು, ಅದರ ಬೆನ್ನು ಹತ್ತಿ, ಅದು ಆಗಲಿ ಆಗದಿರಲಿ ಕೊನೆಯವರೆಗೆ ಅದರ ಹೊಣೆ ಹೊರುವುದರಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಶಾಲೆಯೊಂದರಲ್ಲಿ ಎಂಟನೆಯ ತರಗತಿಯವರು ಊರಿನ ಮತ್ತು ಶಾಲೆಯ ತೊಂದರೆಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಆಟದ ಮೈದಾನದ ಕಲ್ಲು, ನಿಲ್ದಾಣದ ದಾರಿಯಲ್ಲಿ ದೀಪವಿಲ್ಲದ್ದು, ಬೀದಿ ನಾಯಿ, ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದ್ದು. ಪ್ರತಿಯೊಬ್ಬರಿಗೂ ಐದೈದು ಹುಣಸೆ ಬೀಜ ಕೊಟ್ಟು, ಯಾವುದು ಮುಖ್ಯವೋ ಅದರ ಮೇಲೆ ಇಡಲು ಹೇಳಿದೆವು. ಅದಕ್ಕೆ ಮುಂಚಿನ ಚರ್ಚೆಯಲ್ಲಿ ಹುಡುಗರೇ ಮಾತನಾಡಿದ್ದರು. ಮೈದಾನದ ವಿಷಯವೇ ಗೆಲ್ಲುತ್ತದೆಂದು ಎಲ್ಲರೂ ಎಣಿಸಿದ್ದೆವು. ಬೀಜ ಇಡುವ ಹೊತ್ತಿಗೆ ಹುಡುಗಿಯರಲ್ಲಿ ಬಹುತೇಕರು ಐದನ್ನೂ ಚಿಲಕದ ಮೇಲೆ ಸುರಿದರು. ಹುಡುಗರು ಒಂದಿಷ್ಟು ಹೊತ್ತು ಆ ಗುಡ್ಡೆಯನ್ನು ನೋಡಿದರು. ಒಬ್ಬ ಏಕೆ ಎಂದು ಕೇಳಿದ. ಇಬ್ಬಿಬ್ಬರಾಗಿ ಹೋಗಿ ಒಬ್ಬರು ಹೊರಗಿನಿಂದ ಬಾಗಿಲು ಹಿಡಿದು ನಿಲ್ಲಬೇಕಾಗುತ್ತದೆ ಎಂದು ಒಬ್ಬಳು ಹೇಳಿದಳು. ಆ ತರಗತಿಯಲ್ಲಿ ಈ ಮಾತು ಅದಕ್ಕೆ ಮೊದಲು ಯಾರ ಮುಂದೆಯೂ ಬಂದಿರಲಿಲ್ಲ, ಶಿಕ್ಷಕರ ಮುಂದೆಯೂ.

ಮುಂದಿನ ಕೆಲಸ ಮಕ್ಕಳ ಗ್ರಾಮಸಭೆಗೆ ಸಿದ್ಧತೆ. ಸಭೆಗಳು ಹೆಚ್ಚಾಗಿ ನವೆಂಬರ್ 14ರ ಆಸುಪಾಸಿನಲ್ಲಿ ಆರಂಭವಾಗುತ್ತವೆ. ಸಿದ್ಧತೆಯಿಲ್ಲದೆ ಹೋದ ಕಡೆ ಅಧ್ಯಕ್ಷರ ಭಾಷಣ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಭಾಷಣ, ಕಡೆಗೆ ಬಿಸ್ಕತ್ತು ಹಂಚಿಕೆ ಎಂಬಲ್ಲಿಗೆ ಮುಗಿಯುತ್ತದೆ. ಮಕ್ಕಳು ಬೇಡಿಕೆಯನ್ನು ಅರ್ಜಿಯ ರೂಪದಲ್ಲಿ ಬರೆದು, ಎಷ್ಟು ಶೌಚಾಲಯ, ಎಷ್ಟು ಬಾಗಿಲು ಎಂಬ ಲೆಕ್ಕ ಹಿಡಿದು ಹೋದರೆ ಉತ್ತರಿಸುವವರ ದನಿಯೇ ಬೇರೆಯಾಗುತ್ತದೆ. ಅರ್ಜಿಗೆ ಸ್ವೀಕೃತಿ ಪಡೆಯುವುದು, ಮುಂದಿನ ಸಭೆಯಲ್ಲಿ ಹಿಂದಿನ ವರ್ಷದ ಬೇಡಿಕೆಗಳ ಮೇಲೆ ಏನು ಕ್ರಮವಾಯಿತೆಂಬ ಅನುಪಾಲನಾ ವರದಿಯನ್ನು ಕೇಳುವುದು, ಇವನ್ನು ನಾವು ಕಲಿಸಿದೆವು. ಚಿಲಕ ಬಂತು. ದಾರಿದೀಪ ಇನ್ನೂ ಬಂದಿಲ್ಲ. ಅದೇಕೆ ಬಂದಿಲ್ಲ ಎಂಬುದನ್ನು ಹುಡುಕುತ್ತ ಹೋದ ಮಕ್ಕಳಿಗೆ ರಸ್ತೆ ಯಾರದು, ಕಂಬ ಯಾರದು, ವಿದ್ಯುತ್ ಬಿಲ್ಲು ಯಾರದು ಎಂಬ ಪೌರನೀತಿಯ ಪಾಠ ಪುಸ್ತಕಕ್ಕಿಂತ ಹೆಚ್ಚು ಅರ್ಥವಾಗಿದೆ. ಇದು ಹೊಸದೇನಲ್ಲ. ದುಡಿಯುವ ಮಕ್ಕಳ ಭೀಮ ಸಂಘ 1990ರಲ್ಲೇ ರೂಪುಗೊಂಡಿತ್ತು. ಅದೇ ದಶಕದಲ್ಲಿ ನಮ್ಮ ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳೂ ನಡೆದವು. ಶಾಲೆಯ ಹೊರಗೆ ಬೆಳೆದ ಆ ಅನುಭವ ಮಕ್ಕಳ ಗ್ರಾಮಸಭೆಯ ಹಿಂದೆ ಇದೆ.

ಶಿಕ್ಷಕರ ಪಾತ್ರದ ಬಗ್ಗೆ ಕೇಳಿದ್ದೀರಿ. ಶಿಕ್ಷಕರೊಬ್ಬರು ಜೊತೆಯಲ್ಲಿರಬೇಕು, ಆದರೆ ಆ ಎರಡು ಅವಧಿಯಲ್ಲಿ ಉತ್ತರಕ್ಕೆ ಸರಿ ತಪ್ಪು ಹೇಳುವವರಾಗಿ ಇರಬಾರದು. ನಮ್ಮನ್ನು ಮಕ್ಕಳು ಅಕ್ಕ, ಅಣ್ಣ ಎಂದು ಕರೆಯುತ್ತಾರೆ. ಶಾಲೆಯೊಳಗೂ ಹಾಗೆಯೇ ಕರೆಯಲು ಬಿಡಿ ಎಂದು ಮುಖ್ಯ ಶಿಕ್ಷಕರನ್ನು ಮೊದಲೇ ಕೇಳಿಕೊಳ್ಳುತ್ತೇವೆ. ಒಂದು ಚಟುವಟಿಕೆಯಲ್ಲಿ ಸೇರಲು ಇಷ್ಟವಿಲ್ಲದ ಮಗು ಪಕ್ಕದಲ್ಲಿ ಕುಳಿತು ಓದಬಹುದು ಎಂಬ ನಿಯಮವನ್ನೂ ಇಟ್ಟುಕೊಂಡಿದ್ದೇವೆ. ವೇಳಾಪಟ್ಟಿಯೊಳಗೆ ಇದು ವಿಚಿತ್ರವೆನಿಸಬಹುದು, ಆದರೆ ಬಲವಂತದಿಂದ ಕೂರಿಸಿದರೆ ಇನ್ನೊಂದು ಪಿರಿಯಡ್ ಆಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಹಾಗೆ ಪಕ್ಕಕ್ಕೆ ಕುಳಿತವರು ಹೆಚ್ಚು ದಿನ ಹಾಗೇ ಉಳಿಯುವುದನ್ನು ನಾನು ನೋಡಿದ್ದು ಕಡಿಮೆ.

ದಾಖಲೆಗೆ ಪ್ರತಿ ಮಗುವಿಗೂ ಒಂದು ನೋಟ್‌ಬುಕ್ಕು ಸಾಕು. ಯುರೋಪಿನ ಒಕ್ಕೂಟದ ಯುವ ಕಾರ್ಯಕ್ರಮಗಳಲ್ಲಿ 2007ರಿಂದ ‘ಯೂಥ್‌ಪಾಸ್’ ಎಂಬ ವ್ಯವಸ್ಥೆ ಬಳಕೆಯಲ್ಲಿದೆ. ಅದರಲ್ಲಿ ಏನು ಕಲಿತೆನೆಂಬುದನ್ನು ಕಲಿತವರೇ ತಮ್ಮ ಮಾತಿನಲ್ಲಿ ಬರೆಯುತ್ತಾರೆ, ಅಂಕ ಇರುವುದಿಲ್ಲ. ಆ ಪ್ರಮಾಣಪತ್ರದ ಭಾಗ ನಮಗೆ ಬೇಡ, ತತ್ತ್ವ ಮಾತ್ರ ಉಪಯುಕ್ತ. ‘ಇಂದು ನಾನು ಏನು ಮಾಡಿದೆ, ಏನು ಬರಲಿಲ್ಲ, ಯಾರ ಸಹಾಯ ಪಡೆದೆ’ ಎಂಬ ಮೂರು ಸಾಲು ಬರೆದರೆ ಭಾಗ ‘ಬಿ’ ತುಂಬುವಾಗ ಶಿಕ್ಷಕರು ಅದನ್ನೇ ನೋಡಬಹುದು. ಬರೆಯಲು ಕಷ್ಟಪಡುವವರು ಚಿತ್ರ ಬಿಡಿಸಲಿ.

ಕಡೆಯದು, ಆದರೆ ಮೊದಲೇ ಮಾಡಬೇಕಾದದ್ದು ಮಕ್ಕಳ ಸುರಕ್ಷತೆಯ ಏರ್ಪಾಡು. ಅಕ್ಕ, ಅಣ್ಣ ಎಂದು ನಂಬಿದ ಮಗು ಮನೆಯಲ್ಲಾಗುತ್ತಿರುವ ಹಿಂಸೆಯನ್ನು, ನಿಶ್ಚಯವಾಗಿರುವ ಬಾಲ್ಯವಿವಾಹವನ್ನು ಹೇಳಿಕೊಳ್ಳುವ ಸಾಧ್ಯತೆ ಹೆಚ್ಚು. ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಕೂಡದೆಂಬುದನ್ನು ತಂಡದ ಪ್ರತಿಯೊಬ್ಬರಿಗೂ ಕಲಿಸಬೇಕು, ಏಕೆಂದರೆ ಲೈಂಗಿಕ ಅಪರಾಧದ ವಿಷಯ ತಿಳಿದವರು ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಯಾರಿಗೆ ತಿಳಿಸಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಕರೆ ಮಾಡಬೇಕು ಎಂಬುದು ಮೊದಲ ದಿನಕ್ಕೆ ಮುಂಚೆಯೇ ತೀರ್ಮಾನವಾಗಿರಲಿ. ಒಬ್ಬ ಕಾರ್ಯಕರ್ತ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ಮಕ್ಕಳ ಫೋಟೊವನ್ನು ತಮ್ಮ ಖಾತೆಗಳಲ್ಲಿ ಹಾಕಬಾರದು ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ಉತ್ತರ 4: ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ, ಕೊಪ್ಪಳ ಜಿಲ್ಲೆ

ಸ್ಥಳದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಎರಡು ಮಾತು. ನಮ್ಮ ಗ್ರಂಥಾಲಯಗಳು ಈಗ ಗ್ರಾಮೀಣಾಭಿವೃದ್ಧಿ ಇಲಾಖೆಯ ಅಡಿಯಲ್ಲಿ ‘ಅರಿವು ಕೇಂದ್ರ’ಗಳಾಗಿವೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಊರಿನ ಚರಿತ್ರೆ ಬರೆಯುವ ಮಕ್ಕಳು ಹಿರಿಯರನ್ನು ಶಾಲೆಗೆ ಕರೆದರೆ ಅವರು ಕುರ್ಚಿಯ ತುದಿಯಲ್ಲಿ ಕುಳಿತು ಉಪದೇಶ ಮಾಡುತ್ತಾರೆ. ದಿನವೂ ಪತ್ರಿಕೆ ಓದಲು ಬರುವ ಜಾಗದಲ್ಲಿ ಮಾತನಾಡಿಸಿದರೆ ಬರಗಾಲ, ಜಾತ್ರೆ, ಜಗಳ ಎಲ್ಲ ಹೊರಬರುತ್ತವೆ. ಸ್ಥಳೀಯ ಮಕ್ಕಳು ಭಾನುವಾರವೂ ಬರಬಹುದು. ಬಸ್ಸಿನ ಮಕ್ಕಳಿಗೆ ಇದು ಪರಿಹಾರವಲ್ಲವೆಂಬುದು ನಿಜ, ಆದರೆ ಅವರ ಊರು ಪಂಚಾಯಿತಿ ಕೇಂದ್ರವಾಗಿದ್ದರೆ ಅಲ್ಲಿಯೂ ಒಂದು ಅರಿವು ಕೇಂದ್ರ ಇರುತ್ತದೆ. ಪಿಡಿಒ ಅವರಿಗೆ ಒಂದು ಪತ್ರ ಬರೆದರೆ ಸಾಕು.

ಹತ್ತಿರದ ಪದವಿ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕವನ್ನೂ ಕೇಳಿ ನೋಡಿ. ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಏಳು ದಿನದ ವಿಶೇಷ ಶಿಬಿರಕ್ಕೆ ಹಳ್ಳಿಯ ಶಾಲೆಯಲ್ಲೇ ತಂಗಿ, ಚರಂಡಿ ತೆಗೆದು, ಗೋಡೆಗೆ ಬಣ್ಣ ಬಳಿದು ಹೊರಡುತ್ತಾರೆ. ಆ ಶಾಲೆಯ ಮಕ್ಕಳು ಅಷ್ಟು ದಿನವೂ ಕಿಟಕಿಯಿಂದ ನೋಡುತ್ತಿರುತ್ತಾರೆ. ಉಳಿದ ಗಂಟೆಗಳನ್ನು ಮಕ್ಕಳ ಜೊತೆ ಕಳೆಯಲು ಕಾರ್ಯಕ್ರಮಾಧಿಕಾರಿಗಳು ಒಪ್ಪುವ ಸಾಧ್ಯತೆ ಇದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ಮುಖ್ಯ ಶಿಕ್ಷಕರ ಜೊತೆ ಮಾತನಾಡಿದೆ. ಎಂಟನೆಯ ತರಗತಿಗೆ ಮಾತ್ರ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಕೊನೆಯ ಎರಡು ಅವಧಿ, ಜೊತೆಗೆ ಮೂರನೆಯ ಶನಿವಾರದಲ್ಲಿ ಒಂದು ಪಾಲು ಎಂಬುದಕ್ಕೆ ಅವರು ಒಪ್ಪಿದ್ದಾರೆ. ದೈಹಿಕ ಶಿಕ್ಷಣದ ಅವಧಿಯನ್ನು ಮುಟ್ಟುವುದಿಲ್ಲ. ಮಕ್ಕಳ ಆಟದ ವೇಳೆಯನ್ನು ಕಿತ್ತುಕೊಂಡು ಸ್ವಾತಂತ್ರ್ಯದ ಬಗ್ಗೆ ಮಾತನಾಡಿದರೆ ನಗೆಪಾಟಲಾಗುತ್ತದೆ. ಮಕ್ಕಳ ಗ್ರಾಮಸಭೆಯನ್ನು ಗುರಿಯಾಗಿಟ್ಟು ಜೂನ್‌ನಿಂದ ನವೆಂಬರ್‌ವರೆಗೆ ಒಂದು ಹಂತ ಎಂದು ಯೋಚಿಸಿದ್ದೇವೆ. ಪೋಷಕರ ಒಪ್ಪಿಗೆ ಪತ್ರದಲ್ಲಿ ಏನೇನು ಇರಬೇಕು ಎಂಬುದನ್ನು ಯಾರಾದರೂ ತಿಳಿಸುವಿರಾ? ಹುಡುಗಿಯರು ಊರು ಸುತ್ತಿ ನಕ್ಷೆ ಮಾಡುವುದಕ್ಕೆ ಕೆಲವು ಮನೆಗಳಲ್ಲಿ ತಕರಾರು ಬರುವುದು ಖಂಡಿತ.

ಗಣಿತ ಶಿಕ್ಷಕ, ತುಮಕೂರು ಜಿಲ್ಲೆ

ಗಣಿತದ ಅವಧಿ ಉಳಿದಿದೆ ಎಂಬುದಷ್ಟಕ್ಕೆ ನನ್ನ ಸಮಾಧಾನ. ಜನವರಿಯಲ್ಲಿ ಪರೀಕ್ಷಾ ತಯಾರಿ ಆರಂಭವಾದಾಗ ಈ ಶನಿವಾರಗಳನ್ನು ವಿಶೇಷ ತರಗತಿಗೆ ಕೊಡಿ ಎಂದು ಮೊದಲು ಕೇಳುವವರು ನನ್ನಂಥವರೇ ಆಗಿರುತ್ತಾರೆ. ಆಗ ಎಸ್‌ಡಿಎಂಸಿ ನಿರ್ಣಯವನ್ನು ತೋರಿಸಲು ಸಿದ್ಧವಾಗಿರಿ. ಚಿಲಕದ ಸಂಗತಿ ಓದಿದ ಮೇಲೂ, ಇದನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡುವುದಾದರೆ ನಾನು ವಿರೋಧಿಸುತ್ತೇನೆ.

ನಿವೃತ್ತ ಸಿಆರ್‌ಪಿ, ಮೈಸೂರು ಜಿಲ್ಲೆ

ಕಡ್ಡಾಯ ಮಾಡುವ ವಿಷಯದಲ್ಲಿ ನಾನೂ ಮೇಷ್ಟ್ರ ಜೊತೆಗಿದ್ದೇನೆ. ಮೇಡಂ, ಒಪ್ಪಿಗೆ ಪತ್ರವನ್ನು ಒಂದೇ ಪುಟದಲ್ಲಿ, ಸರಳ ಕನ್ನಡದಲ್ಲಿ ಬರೆಯಿರಿ. ತಂಡದವರ ಹೆಸರು ಮತ್ತು ಊರು, ದಿನ, ವೇಳೆ, ಮಕ್ಕಳು ಶಾಲೆಯ ಆವರಣದಿಂದ ಹೊರಗೆ ಹೋಗುವ ದಿನಗಳಲ್ಲಿ ಜೊತೆಗಿರುವ ಶಿಕ್ಷಕಿಯ ಹೆಸರು, ಹಿಂತಿರುಗುವ ಸಮಯ, ಫೋಟೊಗೆ ಒಪ್ಪಿಗೆ ಇದೆಯೇ ಇಲ್ಲವೇ ಎಂಬುದಕ್ಕೆ ಪ್ರತ್ಯೇಕ ಸಾಲು, ಯಾವಾಗ ಬೇಕಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದೆಂಬ ಮಾತು ಇವಿಷ್ಟು ಇರಲಿ. ಓದಲು ಬಾರದ ಪೋಷಕರಿಗೆ ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಪತ್ರವನ್ನು ಮಕ್ಕಳ ಕೈಯಲ್ಲಿ ಕಳುಹಿಸಿದರೆ ಬಹುಪಾಲು ಸಹಿ ದಾರಿಯಲ್ಲೇ ಆಗಿಬಿಡುತ್ತದೆ. ಹುಡುಗಿಯರ ಮನೆಯವರ ತಕರಾರಿಗೆ ಪತ್ರಕ್ಕಿಂತ ತಾಯಂದಿರ ಸಭೆ ಮೇಲು. ಸಭೆಗೆ ತಂಡದ ಯುವತಿಯರನ್ನೇ ಕರೆಸಿ ಮಾತನಾಡಿಸಿ, ಮತ್ತು ಮೊದಲ ನಡಿಗೆಗೆ ಇಬ್ಬರು ತಾಯಂದಿರನ್ನೂ ಜೊತೆಗೆ ಬರಲು ಕೇಳಿ. ಬಾವಿ, ಕೊಳಾಯಿ, ಸೌದೆಯ ದಾರಿ ಅವರಿಗೆ ಗೊತ್ತಿರುವಷ್ಟು ನಕ್ಷೆ ಬರೆಸುವವರಿಗೂ ಗೊತ್ತಿರುವುದಿಲ್ಲ.